ಎರಡು ಬಕೆಟ್ ಸಮುದ್ರ

ಎರಡನೆಯ ಬಕೆಟ್ಟಿನ ಸಮುದ್ರ ಇನ್ನೂ ಕರಗಿರಲಿಲ್ಲ. ಭುವನೇಶ್ವರಿ ಹುಗ್ಗಿ ತಿರುವುವ ಕಟ್ಟಿಗೆಯ ಹುಟ್ಟನ್ನು ನೀರಿನಲ್ಲಿ ಆಡಿಸುತ್ತಲೇ ಇದ್ದಳು. ತಳದಲ್ಲಿದ್ದ ಉಪ್ಪು ಬಿಳಿ ಮೋಡದಂತೆ ಏಳುತ್ತಿತ್ತು, ಮತ್ತೆ ಕೂರುತ್ತಿತ್ತು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಬೇಳೆಗೆ ಉಪ್ಪು ಹಾಕಿದೆನೋ ಇಲ್ಲವೋ ಅವಳಿಗೆ ನೆನಪಿರಲಿಲ್ಲ. ಸಮುದ್ರಕ್ಕೆ ಹಾಕಿದ್ದು ಮಾತ್ರ ಚೆನ್ನಾಗಿ ನೆನಪಿತ್ತು.

"ಆತೇನ?" ಎಂದು ಮುಂದಿನ ಕೋಣೆಯಿಂದ ಗಂಡ ಶ್ರೀಮಂತ ಕೂಗಿದ. "ಅವ್ವ ಕಾಯಾಕತ್ತಾಳ!"

ಅವ್ವ ಎಂದರೆ ಶ್ರೀಮಂತನ ತಾಯಿ ಮಾಣಿಕಮ್ಮ. ಆಕೆ ತೀರಿಕೊಂಡು ವರ್ಷವಾಗಿತ್ತು. ಮುಂದಿನ ಕೋಣೆಯ ಗಾಜಿನ ಟ್ಯಾಂಕಿನಲ್ಲಿ ಹೊಸ ಉಪ್ಪುನೀರಿಗೆ ಕಾಯುತ್ತಿದ್ದದ್ದು ಒಂದು ಮೀನು.

ಮೀನೊಂದು ತಾಯಿಯಾಗುವುದು ಒಂದೇ ದಿನದ ಕೆಲಸವಲ್ಲ. ಎಲ್ಲ ದೊಡ್ಡ ಅನಾಹುತಗಳಂತೆ ಇದೂ ಊಟದ ಪಂಕ್ತಿಯಲ್ಲಿ ಶುರುವಾಗಿತ್ತು. ಹುಮನಾಬಾದಿನಲ್ಲಿ ಶ್ರೀಮಂತನ ತಂಗಿ ಕಸ್ತೂರಬಾಯಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದಳು. ಬಸವಕಲ್ಯಾಣದಲ್ಲಿ ಭಾಂಡೆ ಅಂಗಡಿ ಇಟ್ಟ ಅಣ್ಣ ತನ್ನ ಅಂಗಡಿಯ ಅತಿ ದೊಡ್ಡ ತಾಮ್ರದ ಹಂಡೆಯನ್ನು ಹೊತ್ತುಕೊಂಡು ಹೋಗಿದ್ದ. ಹಂಡೆಯನ್ನು ಯಾರೂ ನೋಡಲಿಲ್ಲ. ಬಂದವರೆಲ್ಲ ಹಾಲಿನಲ್ಲಿದ್ದ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಬಂಗಾರದ ಬಣ್ಣದ ಮೀನುಗಳನ್ನು ನೋಡುತ್ತಿದ್ದರು. ತಂಗಿಯ ಗಂಡ ಬಸವಣಪ್ಪ ಪ್ರತಿಯೊಬ್ಬರಿಗೂ, "ವಾಸ್ತುಕ್ಕ ಭಾಳ ಛಲೋರಿ" ಎಂದು ಹೇಳುತ್ತಿದ್ದ.

ಹುಗ್ಗಿಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ಶ್ರೀಮಂತನಿಗೆ ತಡೆಯಲಾಗಲಿಲ್ಲ. "ಚಂದ ಅದ ಬಸವಣಪ್ಪ, ಆದ್ರ ಇದು ಸಿಹಿನೀರಿಂದು" ಎಂದ, ಇಡೀ ಪಂಕ್ತಿಗೆ ಕೇಳುವಂತೆ. "ನಾವು ಸಮುದ್ರದ್ದ ಇಡಾಕತ್ತೀವಿ. ಉಪ್ಪುನೀರಿಂದು. ಒಂದ ಮೀನು. ಆದ್ರ ಶೋಪೀಸ್!"

ಶ್ರೀಮಂತ ಸಮುದ್ರವನ್ನು ಕಂಡದ್ದು ಕ್ಯಾಲೆಂಡರಿನಲ್ಲಿ. ಬಸವಕಲ್ಯಾಣದವರಿಗೆ ದೊಡ್ಡ ನೀರೆಂದರೆ ತ್ರಿಪುರಾಂತ ಕೆರೆ. ಆದರೆ ಪಂಕ್ತಿಯಲ್ಲಿ ಆಡಿದ ಮಾತು ಎಲೆಯ ಮೇಲೆ ಬಿದ್ದ ಹುಗ್ಗಿಯಂತೆ. ವಾಪಸ್ ಪಾತ್ರೆಗೆ ಹೋಗುವುದಿಲ್ಲ.

ಮನೆಗೆ ಬಂದವನೇ ಅವನು ಜಾಗ ಹುಡುಕಿದ. ಸಿಕ್ಕದ್ದು ಮಾಣಿಕಮ್ಮನ ಕೋಣೆ, ಅದರಲ್ಲೂ ಓಣಿಯ ಕಡೆಗಿದ್ದ ದೊಡ್ಡ ಕಿಟಕಿಯ ಮುಂದಿನ ಜಾಗ.

ಭುವನೇಶ್ವರಿ ಮದುವೆಯಾಗಿ ಬಂದಾಗಿನಿಂದ ಆ ಕಿಟಕಿ ಮುಚ್ಚಿಯೇ ಇತ್ತು. ಕದದ ಮೇಲೆ ಹೊರಗಿನಿಂದ ಅಡ್ಡ ಹಲಗೆ ಹೊಡೆದಿತ್ತು. "ಹೊರಗ ಏನದ ನೋಡೋದು?" ಎಂದು ಅತ್ತೆ ಒಮ್ಮೆ ಕೇಳಿದ್ದಳು. ಆ ಮೇಲೆ ಯಾರೂ ಆ ಮಾತೆತ್ತಿರಲಿಲ್ಲ. ಅತ್ತೆ ಹೋದ ಕೆಲವು ತಿಂಗಳಿಗೆ, ಒಂದು ಮಧ್ಯಾಹ್ನ, ಭುವನೇಶ್ವರಿ ತಾನೇ ಸುತ್ತಿಗೆ ತೆಗೆದುಕೊಂಡು ಹಲಗೆ ಕಿತ್ತಿದ್ದಳು. ಅಂದಿನಿಂದ ದಿನವೂ ಅಡುಗೆಮನೆಯ ಕೆಲಸ ಮುಗಿದ ಮೇಲೆ ಮಣೆ ಹಾಕಿಕೊಂಡು ಅಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. ಕಾಣುತ್ತಿದ್ದದ್ದು ಬಳೆಗಾರ, ಎರಡು ಮೇಕೆ, ಎದುರು ಮನೆಯ ಕುಲ್ಸುಮ್ ಬೀಯ ಹಸಿರು ಬಾಗಿಲು. ಅಷ್ಟೇ. ಆದರೆ ಆ ಮನೆಯಲ್ಲಿ ಅವಳಿಗೆ ತನ್ನದು ಅಂತ ಸಿಕ್ಕ ಮೊದಲ ಜಾಗ ಅದು.

"ಬ್ಯಾರೆ ಕಡೆ ಇಡ್ರಲ್ಲ" ಅಂದಳು.

"ಬ್ಯಾರೆ ಕಡೆ ಇಟ್ರ ಬಾಗಿಲದಾಗ ಬಂದವ್ರಿಗೆ ಕಾಣಂಗಿಲ್ಲ" ಎಂದ ಶ್ರೀಮಂತ. "ಕಾಣಲಿಲ್ಲಂದ್ರ ಅದು ಶೋಪೀಸ್ ಹ್ಯಾಂಗ ಆಗ್ತದ?"

ಟ್ಯಾಂಕ್ ತಂದು ಕೂರಿಸಿದವನು ಹುಮನಾಬಾದ್ ಬಸ್ ಸ್ಟ್ಯಾಂಡ್ ಹತ್ತಿರದ ಮೀನಿನಂಗಡಿಯ ಅಕ್ರಮ್. ಅವನು ಕಿಟಕಿ ನೋಡಿ ತಲೆಯಾಡಿಸಿದ. "ಸೇಠಜಿ, ಬಿಸಲು ಬಿದ್ರ ಗಾಜಿಗಿ ಹಸರು ಪಾಚಿ ಹಿಡೀತದ. ಶೋ ಹೋಗ್ತದ. ಬಂದ್ ಮಾಡಸ್ರಿ."

ಶ್ರೀಮಂತ ಅದೇ ಹಲಗೆಯನ್ನು, ಅದೇ ಹಳೆಯ ತೂತುಗಳಲ್ಲಿ, ಅದೇ ಸುತ್ತಿಗೆಯಿಂದ ಹೊಡೆದ. ಒಳಗೆ ಭುವನೇಶ್ವರಿ ಒಂದೊಂದು ಏಟನ್ನೂ ಕೇಳುತ್ತ ರೊಟ್ಟಿ ಬಡಿದಳು.

ಮುಂದಿನ ಒಂದು ತಿಂಗಳು ಟ್ಯಾಂಕಿನಲ್ಲಿ ಮೀನಿರಲಿಲ್ಲ. ಸಮುದ್ರಕ್ಕೆ ಹದ ಬರಬೇಕು ಎಂದಿದ್ದ ಅಕ್ರಮ್. ಕತ್ತಲೆಯ ಕೋಣೆಯಲ್ಲಿ ನೀಲಿ ದೀಪ, ಒಂದು ರಾಶಿ ಬಿಳಿಕಲ್ಲು, ಗುಳುಗುಳು ಸದ್ದು ಮಾಡುವ ಖಾಲಿ ನೀರು. ನೋಡಲು ಬಂದವರು ಬಗ್ಗಿ ನೋಡುತ್ತಿದ್ದರು, ಪಕ್ಕಕ್ಕೆ ಹೋಗಿ ನೋಡುತ್ತಿದ್ದರು, ಆಮೇಲೆ ಶ್ರೀಮಂತನ ಮುಖ ನೋಡುತ್ತಿದ್ದರು.

"ಮೀನ ಎಲ್ಲಿದ್ರಿ?"

"ನೀರು ತಯಾರಾಗಾಕತ್ತದ."

"ನೀರು ತಯಾರ ಇರತದಲ್ರಿ?"

"ನಿಮ್ಮ ನೀರು ಇರ್ತದ. ಇದು ಸಮುದ್ರ."

ಆ ತಿಂಗಳಿಡೀ ಮೀನಿನ ಆಯ್ಕೆ ನಡೆಯಿತು. ಹೆಣ್ಣು ನೋಡುವಾಗಲೂ ಶ್ರೀಮಂತ ಇಷ್ಟು ತಕರಾರು ತೆಗೆದಿರಲಿಲ್ಲ ಎಂಬುದನ್ನು ಭುವನೇಶ್ವರಿ ಗಮನಿಸಿದಳು. ಅಕ್ರಮ್ ಹೈದರಾಬಾದಿನಿಂದ ಮೊಬೈಲಿಗೆ ವಿಡಿಯೋ ಕಳಿಸುತ್ತಿದ್ದ. ಮೊದಲನೆಯದು ಕೇಸರಿ ಬಿಳಿ ಪಟ್ಟೆಯ ಪುಟ್ಟ ಮೀನು. "ಬ್ಯಾಂಡಿನವ್ರ ಡ್ರೆಸ್ ಹಾಕ್ಕೊಂಡಂಗ ಅದ" ಎಂದು ಶ್ರೀಮಂತ ತಳ್ಳಿಹಾಕಿದ. ಮೇಲಾಗಿ ಕನ್ನಡಕ ಮರೆತು ಬಂದ ನೆಂಟರಿಗೆ ಅದು ಕಾಣುವಂತಿರಲಿಲ್ಲ. ಎರಡನೆಯದು ಹಳದಿ, ಚಪ್ಪಟೆ. ಪಕ್ಕದಿಂದ ಮಾವಿನ ಹೋಳು, ಎದುರಿನಿಂದ ಏನೂ ಇಲ್ಲ. "ಎದುರಿಗೆ ನಿಂತವ್ರಿಗೆ ಮೀನ ಇಲ್ಲ ಅಂತ ಅನಸ್ತದ. ಮತ್ತ ಅದೇ ತಕರಾರು." ಮೂರನೆಯದು ರೆಕ್ಕೆಗೆಲ್ಲ ಗರಿ ಕಟ್ಟಿಕೊಂಡ ರಾಜಗಾಂಭೀರ್ಯದ್ದು. ಶ್ರೀಮಂತನಿಗೆ ಮನಸ್ಸಾಯಿತು. ಗರಿಯ ತುದಿಯಲ್ಲಿ ವಿಷವಿದೆ ಎಂದು ಅಕ್ರಮ್ ಕೊನೆಗೆ ಹೇಳಿದ. ನಾಲ್ಕನೆಯದು ಕಲ್ಲಿನ ಸಂದಿಯಿಂದ ತಲೆ ಹೊರಹಾಕಿ ಬಾಯಿ ತೆರೆಯುತ್ತಿದ್ದ ಉದ್ದನೆಯ ಹಾವುಮೀನು.

"ಬ್ಯಾಡ್ರಿ" ಅಂದಳು ಭುವನೇಶ್ವರಿ. "ನಾಗರಪಂಚಮಿ ಬಂದ್ರ ಓಣಿಯವ್ರೆಲ್ಲ ಹಾಲು ತಂದು ಟ್ಯಾಂಕಿಗೇ ಸುರೀತಾರ."

ಐದನೆಯ ವಿಡಿಯೋ ಬಂದಾಗ ಶ್ರೀಮಂತ ಊಟಕ್ಕೆ ಕೂತಿದ್ದ. ಅದರಲ್ಲಿ ಮೀನು ಈಜುತ್ತಿರಲಿಲ್ಲ. ಸುಮ್ಮನೆ ನಿಂತು ಅವನನ್ನು ನೋಡುತ್ತಿತ್ತು. ದುಂಡು ತಲೆ, ಅಗಲ ಹಣೆ, ಹಣೆಯ ಮೇಲೆ ಕಪ್ಪು ಚುಕ್ಕೆ. ದಪ್ಪ ಕನ್ನಡಕದ ಹಿಂದಿನವುಗಳಂತೆ ಹಿಗ್ಗಿದ ಎರಡು ಕಣ್ಣು. ಅದರ ಬಾಯಿ ಈಗಷ್ಟೇ ಯಾರ ಮೇಲೋ ಬೇಜಾರಾಗಿ ಮುಚ್ಚಿಕೊಂಡಂತಿತ್ತು.

"ಪಫರ್ ಅಂತಾರ ಇದಕ್ಕ" ಎಂದ ಅಕ್ರಮ್ ಫೋನಿನಲ್ಲಿ. "ಸಿಟ್ಟು ಬಂದ್ರ ಫುಗ್ಗಾದಂಗ ಉಬ್ಬತದ, ಮೈತುಂಬ ಮುಳ್ಳು ಏಳತಾವ. ಬಾಕಿ ಮೀನ ನೀವು ನೋಡೋವು, ಸೇಠಜಿ. ಇದು ನಿಮ್ಮನ್ನ ನೋಡೋದು."

ಶ್ರೀಮಂತ ತಟ್ಟನೆ ನೆಟ್ಟಗೆ ಕೂತ. ಎಲೆಯಲ್ಲಿ ಉಳಿದಿದ್ದ ಹಾಗಲಕಾಯಿ ಪಲ್ಯವನ್ನೂ ತಿಂದು ಮುಗಿಸಿದ. "ಇದ ಇರಲಿ" ಎಂದ ಸಣ್ಣ ದನಿಯಲ್ಲಿ. ಯಾಕೆ ಅದೇ ಬೇಕೆನಿಸಿತು ಎಂದು ಅವನಿಗೆ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಆ ನೋಟಕ್ಕೆ ಹೂಂ ಅನ್ನುವುದೇ ಅವನಿಗೆ ಅಭ್ಯಾಸವಾಗಿತ್ತು.

ಮೀನು ಹೈದರಾಬಾದಿನಿಂದ ಬಂದದ್ದು ಅಕ್ರಮನ ಕಾರಿನ ಹಿಂದಿನ ಸೀಟಿನಲ್ಲಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ. ಇಳಿಸುವಾಗ ಅಕ್ರಮನ ಮುಖ ಬಾಡಿತ್ತು.

"ಅಕ್ಕಾ, ಒಂದು ಮಾತು" ಎಂದು ಭುವನೇಶ್ವರಿಯನ್ನು ಪಕ್ಕಕ್ಕೆ ಕರೆದ. "ದಾರ್ಯಾಗ ಮನ್ನಾಏಖೇಳ್ಳಿಯಾಗ ಚಹಾಕ್ಕ ನಿಂತಿದ್ದೆ. ಹೋಟೆಲಿನಾಂವ ಎರಡು ಚಹಾ ತಂದ. ನಾ ಒಬ್ಬಾಂವನ ಅದೀನಿ ಅಂದೆ. ಆಂವ ಏನಂದ ಗೊತ್ತೇನ್ರಿ? 'ಹಿಂದ ಕುಂತ ಅಮ್ಮಗ ಬ್ಯಾಡೇನು?' ಅಂದ."

"ಹಿಂದ ಯಾರಿದ್ರು?"

"ಇದ ಇತ್ತು" ಎಂದ ಅಕ್ರಮ್, ಪೆಟ್ಟಿಗೆ ತೋರಿಸಿ. "ಮುಚ್ಚಳ ಹಾಕಿತ್ರಿ."

ಮೀನು ಏನು ತಿನ್ನುತ್ತದೆ ಎಂದು ಕೇಳುವುದನ್ನು ಶ್ರೀಮಂತ ಮರೆತಿದ್ದ. ಝಿಂಗಾ, ಅಂದರೆ ಸೀಗಡಿ, ಎಂದು ತಿಳಿದಾಗ ಭುವನೇಶ್ವರಿ ಅಡುಗೆಮನೆಯ ಬಾಗಿಲು ಎಳೆದುಕೊಂಡಳು. ಲಿಂಗಾಯತರ ಮನೆ, ಮಾಣಿಕಮ್ಮ ಇದ್ದಾಗ ಸೋಮವಾರ ಉಳ್ಳಾಗಡ್ಡಿಯೂ ಒಳಗೆ ಬರುತ್ತಿರಲಿಲ್ಲ.

"ರೊಟ್ಟಿ ತಿನ್ನಂಗಿಲ್ಲೇನು?" ಎಂದ ಶ್ರೀಮಂತ.

"ಕೊಟ್ಟು ನೋಡ್ರಿ. ಆಮ್ಯಾಲ ನನಗ ಫೋನ್ ಮಾಡಬ್ಯಾಡ್ರಿ."

ಕೊಟ್ಟರು. ಮೀನು ರೊಟ್ಟಿಯ ಚೂರನ್ನು ಬಾಯಿಗೆ ತೆಗೆದುಕೊಂಡಿತು, ಒಂದು ಕ್ಷಣ ವಿಚಾರ ಮಾಡಿತು, ಫಕ್ಕನೆ ಗಾಜಿಗೆ ಉಗುಳಿತು. ಭುವನೇಶ್ವರಿಯ ಕೈ ತಾನಾಗಿ ಸೆರಗಿಗೆ ಹೋಯಿತು. ರೊಟ್ಟಿ ಬಿರುಸಾಗಿದೆ ಎಂದು ಉಗುಳುವ ಆ ಧಾಟಿ ಅವಳಿಗೆ ಹೊಸದಾಗಿರಲಿಲ್ಲ.

ಕಡೆಗೆ ಎದುರು ಮನೆಯ ಕುಲ್ಸುಮ್ ಬೀ ದಾರಿ ತೋರಿಸಿದಳು. ಝಿಂಗಾ, ಚಿಪ್ಪು ಎಲ್ಲ ಅವಳ ಫ್ರಿಜ್ಜಿನಲ್ಲಿ ಇರುವುದು; ಹೊತ್ತಿಗೊಮ್ಮೆ ಡಬ್ಬಿಯಲ್ಲಿ ಹಾಕಿ ಈ ಕಡೆ ಕೊಡುವುದು. ಮತ್ತೆ ಅಡುಗೆಗೆ ಬಳಸದಂಥ ಒಂದು ಡಬ್ಬಿ ಬೇಕಾಯಿತು. ಭುವನೇಶ್ವರಿ ಹುಡುಕಿ ಒಂದು ಹಳೆಯ ಸ್ಟೀಲ್ ಡಬ್ಬಿ ಕೊಟ್ಟಳು. ಅದು ಅತ್ತೆಯ ಅಡಕೆಯ ಡಬ್ಬಿ. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ 'ಮಾಣಿಕಮ್ಮ' ಎಂದು ಕೆತ್ತಿಸಿತ್ತು. ಭಾಂಡೆ ಅಂಗಡಿಯವರ ಮನೆಯಲ್ಲಿ ಹೆಸರಿಲ್ಲದ ಪಾತ್ರೆ ಇರುವುದಿಲ್ಲ.

ಮರುದಿನ ಕುಲ್ಸುಮ್ ಬೀ ಡಬ್ಬಿ ಹಿಡಿದು ಒಳಬಂದಳು. ನೀಲಿ ಬೆಳಕಿಗೆ ಕಣ್ಣು ಹೊಂದಿಸಿಕೊಂಡಳು. ಮೀನು ಕಲ್ಲಿನ ಹಿಂದಿನಿಂದ ಮೆಲ್ಲಗೆ ಬಂದು ಅವಳ ಎದುರಿಗೆ ನಿಂತಿತು. ಒಂದು ಕಣ್ಣು ಅವಳ ಮೇಲೆ, ಇನ್ನೊಂದು ಕಣ್ಣು ಅಡುಗೆಮನೆಯ ಬಾಗಿಲ ಮೇಲೆ.

"ಯಾ ಅಲ್ಲಾ" ಎಂದಳು ಕುಲ್ಸುಮ್ ಬೀ. "ಮಾಣಿಕಾ!"

ಹುಬ್ಬು ಗಂಟಿಕ್ಕಿ ಮತ್ತೆ ನೋಡಿದಳು. ಅವಳ ಹಲ್ಲಿಲ್ಲದ ಬಾಯಿ ಸ್ವಲ್ಪ ಹೊತ್ತು ತೆರೆದೇ ಇತ್ತು. "ಭುವನಾ, ನಮ್ಮಲ್ಲಿ ಸತ್ತವ್ರು ವಾಪಸ್ ಬರೋದಿಲ್ಲ. ನಿಮ್ಮಲ್ಲೂ ಬರೋದಿಲ್ಲ. ಮತ್ತ ಈಕಿ ಯಾರ್ನ ಕೇಳಿ ಬಂದ್ಳು?"

ಅಷ್ಟರಲ್ಲಿ ಮೀನು, ಭುವನೇಶ್ವರಿ ಡಬ್ಬಿಯಿಂದ ಹಾಕಿದ ಚಿಪ್ಪೊಂದನ್ನು ಕಡಿಯಿತು. ಕಟಕ್. ಮತ್ತೆ ಕಟಕ್. ಮಾಣಿಕಮ್ಮ ಊಟವಾದ ಮೇಲೆ ಅಡಕತ್ತರಿಯಲ್ಲಿ ಅಡಕೆ ಕತ್ತರಿಸುತ್ತಿದ್ದ ಸದ್ದು ಅದು. ವರ್ಷವಿಡೀ ಆ ಮನೆಯಲ್ಲಿ ಕೇಳಿರದ ಸದ್ದು. ಒಳಗೆ ಮಲಗಿದ್ದ ಶ್ರೀಮಂತ ನಿದ್ದೆಗಣ್ಣಿನಲ್ಲಿ, "ಬಂದೆ ಅವ್ವಾ" ಎಂದು ಎದ್ದುಬಂದ.

ಬಂದವನು ಮೀನನ್ನು ನೋಡಿದ, ಕುಲ್ಸುಮ್ ಬೀಯನ್ನು ನೋಡಿದ, ಡಬ್ಬಿಯ ಮೇಲಿನ ಹೆಸರನ್ನು ನೋಡಿದ. ಆಮೇಲೆ ಕಾಲಲ್ಲಿದ್ದ ಮನೆಚಪ್ಪಲಿಯನ್ನು ಹೊರಗೆ ಬಿಟ್ಟು ಬಂದ.

ಸುದ್ದಿ ಓಣಿ ದಾಟಲು ಹೊತ್ತು ಹಿಡಿಯಲಿಲ್ಲ. ಎಲ್ಲರಿಗಿಂತ ಮೊದಲು ಸಿಟ್ಟಾದವರು ನಾರಾಯಣಪುರದ ಅಯ್ಯನವರು, ಮಾಣಿಕಮ್ಮನ ಅಂತ್ಯಕ್ರಿಯೆ ಮಾಡಿಸಿದವರು. ಸ್ಕೂಟರಿನಲ್ಲಿ ಬಂದು ಹೆಲ್ಮೆಟ್ ಕೂಡ ತೆಗೆಯದೆ ಟ್ಯಾಂಕಿನ ಮುಂದೆ ನಿಂತರು.

"ನಾ ಮಾಡಿಸಿದ ಕ್ರಿಯಾದಾಗ ಏನು ಕಸರು ಇತ್ತಪಾ ಶ್ರೀಮಂತ? ಲಿಂಗೈಕ್ಯ ಆದ ಜೀವ ಅದು. ಶರಣರ ಊರಾಗ ಕುಂತು ಮತ್ತ ಹುಟ್ಟಿ ಬಂದಾಳ ಅಂತೀರಿ. ಅದೂ ಮೀನಾಗಿ! ಅದೂ ಝಿಂಗಾ ತಿಂತಾಳ! ನಾಳೆ ನನ್ನ ಯಾರು ಕರೀತಾರ?"

"ನಾ ಏನೂ ಅಂದಿಲ್ರಿ ಅಯ್ಯಾರ. ಕುಲ್ಸುಮ್ ಖಾಲಾ ಅಂದ್ರು."

"ನಾ ಬರೇ ಗುರುತು ಹಿಡಿದೆ" ಅಂದಳು ಕುಲ್ಸುಮ್ ಬೀ.

ಅಯ್ಯನವರು ಬಗ್ಗಿ ನೋಡಿದರು. ಮೀನು ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿತು. ಕ್ರಿಯೆಯ ದಿನ ದಕ್ಷಿಣೆಯ ಟವೆಲ್ಲು ತೆಳುವಾಗಿದೆ ಎಂದು ಅವರು ಗೊಣಗಿದ್ದರು. ಅದು ಮಾಣಿಕಮ್ಮನಿಗೆ ಕೇಳಿಸುವ ಸಂದರ್ಭವಿರಲಿಲ್ಲ. ಈಗ ಅಯ್ಯನವರಿಗೆ ಅನುಮಾನ ಬಂದಿತು. ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು ಮೆಲ್ಲಗೆ ಹೊರನಡೆದರು.

ಮುಂದಿನ ವಾರ ಕರೆಂಟಿನ ಮೀಟರ್ ನೋಡಲು ಸತೀಶಕುಮಾರ ಬಂದ. ಹುಡಗಿ ಎಂಬ ಊರಿನವನು, ತನ್ನೂರಿನ ಕಡೆಗೆ ವರ್ಗ ಕೇಳಿ ಕೇಳಿ ಸೋತವನು. ಮೀಟರ್ ಬಿಟ್ಟು ಟ್ಯಾಂಕಿನ ಮುಂದೆ ಕೈಕಟ್ಟಿ ನಿಂತ. "ಅಮ್ಮಾರ, ನನ್ನ ವರ್ಗ ಆಗ್ತದೇನ್ರಿ?" ಎಂದು ಪಿಸುಗುಟ್ಟಿದ. ಅದೇ ಹೊತ್ತಿಗೆ ಭುವನೇಶ್ವರಿ ಡಬ್ಬಿ ಹಿಡಿದು ಅತ್ತಿಂದಿತ್ತ ಹಾದುಹೋದಳು. ಮೀನು ಮೇಲಕ್ಕೂ ಕೆಳಕ್ಕೂ ತಲೆ ಆಡಿಸಿ ಅವಳ ಹಿಂದೆಯೇ ಸಾಗಿತು.

"ಹೂಂ ಅಂದ್ರು!" ಎಂದ ಸತೀಶಕುಮಾರ. ವಾರದೊಳಗೆ ವರ್ಗವಾಯಿತು. ಅದು ಅವನು ಹಿಂದೆ ಸಲ್ಲಿಸಿದ್ದ ಅರ್ಜಿಗೋ ಮೀನಿಗೋ ಎಂದು ಯಾರೂ ವಿಚಾರಿಸಲಿಲ್ಲ. ಮದುವೆ, ಮನೆ, ಸೊಂಟನೋವು, ಮಗನ ನೌಕರಿ — ಸಂಜೆ ಹೊತ್ತು ಓಣಿಯಲ್ಲಿ ಚಪ್ಪಲಿಗಳ ಸಾಲು ನಿಂತಿತು. ಶ್ರೀಮಂತನೂ ಅಂಗಡಿಗೆ ಹೊರಡುವ ಮುಂಚೆ ಕೇಳತೊಡಗಿದ. "ಅವ್ವಾ, ಪಿತ್ತಾಳಿ ತರಸಲೇನು, ಸ್ಟೀಲ ಸಾಕೇನು?"

ಭುವನೇಶ್ವರಿಗೆ ಮಾತ್ರ ಗುಟ್ಟು ತಿಳಿದಿತ್ತು. ಮೀನು ಹೋಗುತ್ತಿದ್ದದ್ದು ಡಬ್ಬಿಯ ಹಿಂದೆ. ಮುಚ್ಚಳವನ್ನು ಬಳೆಯಿಂದ ಟಿಣ್ ಎನಿಸಿದರೆ ಸಾಕು, ಎಲ್ಲಿದ್ದರೂ ಅವಳ ಕಡೆಗೆ ಬರುತ್ತಿತ್ತು. ಅವಳು ಎಡಕ್ಕೆ ನಿಂತರೆ ಪಿತ್ತಾಳಿ, ಬಲಕ್ಕೆ ನಿಂತರೆ ಸ್ಟೀಲು. ಅತ್ತೆ ಇದ್ದಾಗ ಈ ಮನೆಯಲ್ಲಿ ಅವಳ ಒಂದು ಮಾತೂ ನಡೆದಿರಲಿಲ್ಲ. ಈಗ ಅತ್ತೆಯ ಬಾಯಿಂದ ಅವಳ ಮಾತೇ ನಡೆಯುತ್ತಿತ್ತು. ಆದರೂ ಅವಳಿಗೆ ಸಮಾಧಾನವಿರಲಿಲ್ಲ. ಅಡುಗೆಮನೆಯಲ್ಲಿ ನಿಂತರೂ ಬೆನ್ನ ಮೇಲೆ ಆ ಕಣ್ಣು. ಚಹಾ ಕುಡಿಯುವ ಹೊತ್ತಿಗೆ ಮಣೆ ಎಲ್ಲಿ ಹಾಕಬೇಕೆಂದು ತಿಳಿಯದೆ ಕಪ್ಪು ಹಿಡಿದು ನಿಲ್ಲುವಳು.

ಹುಮನಾಬಾದಿಗೆ ಸುದ್ದಿ ತಲುಪಿತು. ಕಸ್ತೂರಬಾಯಿ ಗಂಡನನ್ನು ಕರೆದುಕೊಂಡು ಬಂದಳು, ಬಾಗಿಲಿನಿಂದಲೇ ಅಳುತ್ತ.

"ಅವ್ವಾ! ಹ್ಯಾಂಗ ಸೊರಗಿದೀಯವ್ವಾ!"

ಮೀನು ದಪ್ಪಗೇ ಇತ್ತು. ಕಸ್ತೂರಬಾಯಿ ಎರಡೂ ಕೈ ಚಾಚಿ ಗಾಜನ್ನು ಅಪ್ಪಿಕೊಂಡಳು. ಮೀನು ಗಾಬರಿಯಾಗಿ ಹಿಂದೆ ಸರಿಯಿತು. ನೋಡನೋಡುತ್ತಿದ್ದಂತೆ ಉಬ್ಬಿತು, ಇನ್ನೂ ಉಬ್ಬಿತು, ಮೈತುಂಬ ಮುಳ್ಳು ನಿಮಿರಿ ಹಂಡೆಯಷ್ಟಾಯಿತು. ಕಣ್ಣು ಮಾತ್ರ ಕಸ್ತೂರಬಾಯಿಯ ಮೇಲೇ ಇತ್ತು.

"ಸಿಟ್ಟಾಗ್ಯಾಳ" ಎಂದ ಬಸವಣಪ್ಪ, ಹೆಂಡತಿಯ ಹಿಂದೆ ನಿಂತು. "ಆಗಲೇಬೇಕು. ಎರಡು ದಿನಕ್ಕಿಂತ ಹೆಚ್ಚಿಗಿ ಇಟ್ಟಕೊಂಡಿಲ್ಲಲ್ಲ ನೀ."

"ನೀವು ಸುಮ್ಕಿರ್ರಿ! ಈಗ ಇಟ್ಟಕೋತೀನಿ. ಅಣ್ಣಾ, ಅವ್ವನ್ನ ನಾ ಕರಕೊಂಡು ಹೋಗ್ತೀನಿ. ಹೊಸಾ ಮನಿ, ದೊಡ್ಡ ಹಾಲು. ನಿಮ್ಮಲ್ಲಿ ಕತ್ತಲ್ಯಾಗ ಇಟ್ಟೀರಿ."

"ಇದ್ದಾಗ ಇಟ್ಟಕೊಳ್ಳಲಿಲ್ಲ, ಸತ್ತ ಮ್ಯಾಲ ಬೇಕೇನು?" ಎಂದ ಶ್ರೀಮಂತ. "ಅವ್ವ ಇಲ್ಲೇ ಇರ್ತಾಳ."

"ನೀ ಯಾರು ಹೇಳಾವ? ಅವ್ವ ಹೇಳಲಿ!"

ಹಾಗೆಂದದ್ದೇ ತಡ, ಎಲ್ಲರಿಗೂ ಅದು ನ್ಯಾಯ ಅನಿಸಿತು. ಅಮಾವಾಸ್ಯೆಯ ಮಧ್ಯಾಹ್ನ ಅಯ್ಯನವರ ಎದುರಿಗೆ ಕೇಳುವುದು ಎಂದಾಯಿತು. ಟ್ಯಾಂಕಿನ ಎಡಗಡೆ ಹುಮನಾಬಾದಿನವರು, ಬಲಗಡೆ ಬಸವಕಲ್ಯಾಣದವರು. ಮೀನು ಯಾರ ಕಡೆ ಬರುತ್ತದೋ ಅವರ ಮನೆ.

ಇದರಿಂದ ಭುವನೇಶ್ವರಿಯ ಕೆಲಸ ಹಗುರಾಯಿತು. ಹುಮನಾಬಾದಿನ ಗುಂಪಿನಲ್ಲಿ, ನಾದಿನಿಯ ಪಕ್ಕದಲ್ಲಿ, ಸೆರಗಿನೊಳಗೆ ಡಬ್ಬಿ ಹಿಡಿದು ನಿಂತರಾಯಿತು. ಒಂದು ಟಿಣ್. ಅತ್ತೆ ಮಗಳ ಮನೆಗೆ. ಕಿಟಕಿ ತನಗೆ.

ಅಮಾವಾಸ್ಯೆಯ ದಿನ ಕೋಣೆಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ನೀಲಿ ಬೆಳಕಿನಲ್ಲಿ ಎಲ್ಲರ ಮುಖವೂ ನೀರಿನೊಳಗಿನವರ ಮುಖದಂತೆ ಕಾಣುತ್ತಿತ್ತು. ಅಯ್ಯನವರು ಟ್ಯಾಂಕಿಗೆ ಬೆನ್ನು ತಾಗದಂತೆ ಎಚ್ಚರದಿಂದ ನಿಂತಿದ್ದರು.

"ನೀ ಯಾಕ ಆ ಕಡೆ ನಿಂತಿ?" ಎಂದ ಶ್ರೀಮಂತ.

"ಇಲ್ಲಿ ಜಾಗ ಅದರೀ" ಅಂದಳು ಭುವನೇಶ್ವರಿ.

"ವೈನಿಗೆ ನ್ಯಾಯ ತಿಳೀತದ" ಎಂದಳು ಕಸ್ತೂರಬಾಯಿ.

ಅಯ್ಯನವರು ಗಂಟಲು ಸರಿಮಾಡಿಕೊಂಡರು. "ನೋಡವ್ವಾ. ನೀ ಮಾಣಿಕಮ್ಮ ಅಲ್ಲ ಅನ್ನೋದು ನನಗ ಗೊತ್ತದ. ಅಲ್ಲದಿದ್ರೂ ಹೇಳು. ಎಲ್ಲಿರ್ತಿ?"

ಮೀನು ನಡುವೆ ನಿಂತಿತ್ತು. ಎಡಗಡೆ ನೋಡಿತು. ಬಲಗಡೆ ನೋಡಿತು. ಭುವನೇಶ್ವರಿ ಸೆರಗಿನೊಳಗೆ ಬಳೆ ಆಡಿಸಿದಳು. ಟಿಣ್.

ಮೀನು ಬರಲಿಲ್ಲ.

ಅವಳು ಮತ್ತೆ ಆಡಿಸಿದಳು, ಸ್ವಲ್ಪ ಜೋರಾಗಿ. ಮುಂಜಾನೆಯಿಂದ ಅದಕ್ಕೆ ಏನೂ ಹಾಕಿರಲಿಲ್ಲ. ಮೀನಿನ ಒಂದು ಕಣ್ಣು ನಿಧಾನವಾಗಿ ತಿರುಗಿ ಅವಳ ಸೆರಗಿನ ಮೇಲೆ ನಿಂತಿತು. ಡಬ್ಬಿ ಇದ್ದ ಜಾಗದ ಮೇಲೇ. ಕದ್ದ ಬೆಲ್ಲದೊಂದಿಗೆ ಸಿಕ್ಕಿಬಿದ್ದ ಹೊಸ ಸೊಸೆಯಂತೆ ಅವಳು ತಲೆ ತಗ್ಗಿಸಿದಳು.

ಆಮೇಲೆ ಮೀನು ಎರಡೂ ಊರಿನವರಿಗೆ ಬೆನ್ನು ತಿರುಗಿಸಿತು. ಕಲ್ಲುಗಳನ್ನು ದಾಟಿ ಹಿಂದಿನ ಗಾಜಿಗೆ ಹೋಗಿ, ಮುಚ್ಚಿದ ಕಿಟಕಿಗೆ ಮೂತಿ ತಾಗಿಸಿ ನಿಂತಿತು. ಅಲ್ಲಾಡಲಿಲ್ಲ. ಕಿಟಕಿಯ ಕದ ಒಳಗಿನಿಂದ ಕಪ್ಪಾಗಿತ್ತು. ನೋಡಲು ಅಲ್ಲಿ ಏನೂ ಇರಲಿಲ್ಲ.

"ಇದ್ಯಾವ ಊರು?" ಎಂದ ಬಸವಣಪ್ಪ.

ಬಾಗಿಲ ಬಳಿ ನಿಂತಿದ್ದ ಕುಲ್ಸುಮ್ ಬೀ ನಿಧಾನಕ್ಕೆ ಒಳಬಂದಳು.

"ಹೊರಗ ನೋಡೋದು ಆಕಿಗಿ ಭಾಳ ಪಸಂದ ಇತ್ತು" ಅಂದಳು. "ನಾನೂ ಆಕಿ ಒಂದ ವರ್ಷ ಲಗ್ನಾಗಿ ಈ ಓಣಿಗೆ ಬಂದವ್ರು. ನಾ ನಮ್ಮ ಬಾಗಿಲದಾಗ, ಆಕಿ ಈ ಕಿಟಕ್ಯಾಗ. ದಿನಾ ಮಾತು, ದಿನಾ ನಗಿ. ಒಂದಿನ ನಿಮ್ಮಪ್ಪ ಅಂಗಡಿಂದ ಬಂದ, ನಗೋದು ಕೇಳಿದ. ಸುತ್ತಿಗಿ ತಗೊಂಡು ಹೊರಗ ಬಂದ. ಆಕಿ ಒಳಗ ಕುಂತಿದ್ಳು, ಇನ್ನೂ ಮಾತಾಡಾಕತ್ತಿದ್ಳು. ಹಲಗಿ ಹೊಡದ್ರೂ ಸ್ವಲ್ಪ ಹೊತ್ತು ಮಾತು ಕೇಳಸ್ತಿತ್ತು. ಆಮ್ಯಾಲ ಇಲ್ಲ."

"ಅವ್ವ ತಾನ ಮುಚ್ಚಸ್ಯಾಳ ಅಂತ..." ಎಂದ ಶ್ರೀಮಂತ.

"ಆಕಿನೂ ಹಂಗ ಅಂತಿದ್ಳು. ಅಂದಂದು ರೂಢಿ ಆತು."

ಎಲ್ಲರೂ ಅಯ್ಯನವರ ಮುಖ ನೋಡಿದರು. ಅಯ್ಯನವರು ಬಹಳ ವಿಚಾರ ಮಾಡಿದರು. ತಮ್ಮ ಕ್ರಿಯೆಯ ಮಾನವೂ ಉಳಿಯಬೇಕಿತ್ತು.

"ಜೀವ ಲಿಂಗದಾಗ ಬೆರತದ. ಅದರಾಗ ಸಂಶಯ ಇಲ್ಲ" ಎಂದರು. "ಆದ್ರ ಒಂದು ಆಸೆ ಹಿಂದ ಉಳದಿರಬೇಕು. ಆಸೆಗೆ ಕ್ರಿಯಾ ಮಾಡಸೋ ಪದ್ಧತಿ ನಮ್ಮಲ್ಲಿಲ್ಲ. ಕಿಟಕಿ ತಗೀರಿ."

ಶ್ರೀಮಂತ ಸುತ್ತಿಗೆ ಹಿಡಿದು ಓಣಿಗೆ ಓಡಿದ. ಹಳೆಯ ಮೊಳೆಗಳು ಕಿರುಚುತ್ತ ಬಂದವು. ಕದ ತೆರೆದಾಗ ಬಿಸಿಲು ಒಮ್ಮೆಗೇ ನೀರಿನೊಳಗೆ ಬಿದ್ದು ಇಡೀ ಕೋಣೆಯ ಗೋಡೆಗಳು ಅಲುಗಾಡಿದವು. ಟ್ಯಾಂಕಿನ ಮೂಲಕ ಓಣಿ ಕಂಡಿತು; ಕುಲ್ಸುಮ್ ಬೀಯ ಹಸಿರು ಬಾಗಿಲು, ಎರಡು ಮೇಕೆ, ಒಂದು ಸೈಕಲ್ಲು, ಎಲ್ಲ ಸಮುದ್ರದಲ್ಲಿ ತೇಲುತ್ತಿದ್ದವು. ಮೀನು ಬಹಳ ಹೊತ್ತು ನೋಡಿತು. ಆಮೇಲೆ ಅದರ ಕಣ್ಣು ಸುತ್ತಲಿಂದ ಸುಕ್ಕುಗಟ್ಟಿ, ಚೀಲದ ಬಾಯಿಯಂತೆ ನಿಧಾನವಾಗಿ ಮುಚ್ಚಿಕೊಂಡಿತು.

"ಮೀನಕ್ಕ ರೆಪ್ಪಿ ಇರಂಗಿಲ್ಲ ಅಂದಿದ್ದ ಅಕ್ರಮ್" ಎಂದು ಶ್ರೀಮಂತ ಪಿಸುಗುಟ್ಟಿದ.

ಕಸ್ತೂರಬಾಯಿ ಕಣ್ಣೊರೆಸಿಕೊಂಡಳು. "ಇಲ್ಲೇ ಇರಲಿ ಅಣ್ಣಾ. ನಮ್ಮನ್ಯಾಗ ಎಸಿ ಸಲುವಾಗಿ ಎಲ್ಲಾ ಕಿಟಕಿ ಬಂದ್ ಅವ" ಎಂದು ಗಂಡನನ್ನು ಹೊರಡಿಸಿದಳು. ಅಯ್ಯನವರು ಈ ಸಲ ಟವೆಲ್ಲು ಬೇಡವೆಂದು ಹೊರಟರು.

ಎಲ್ಲರೂ ಹೋದ ಮೇಲೆ ಶ್ರೀಮಂತ ಅಕ್ರಮನಿಗೆ ಫೋನ್ ಮಾಡಿದ. ಆ ಕಡೆಯಿಂದ ಬಂದ ದನಿ ಅಡುಗೆಮನೆಗೂ ಕೇಳಿಸಿತು. "ಸೇಠಜಿ, ಎಂಟು ದಿನದಾಗ ಹಸರಾಗ್ತದ. ಶೋ ಖತಂ!"

ಶ್ರೀಮಂತ ತಲೆ ಕೆರೆದುಕೊಂಡು ಬಂದ. "ಅವ್ವ ನೋಡ್ಯಾಳಲ್ಲ, ಸಾಕು. ನಾಳೆ ಮುಂಜಾನೆ ಮತ್ತ ಹಲಗಿ ಹೊಡೀತೀನಿ. ಬಸವಣಪ್ಪನ ಕಡೆಯವ್ರು ಐತವಾರ ನೋಡಾಕ ಬರ್ತಾರ. ಶೋಪೀಸ್ ಕಾಣಬೇಕಲ್ಲ?"

"ಹೂಂರಿ" ಅಂದಳು ಭುವನೇಶ್ವರಿ.

ಅವನು ಅಂಗಡಿಗೆ ಹೋದ. ಅವಳು ಚಹಾ ಸೋಸಿಕೊಂಡು, ಮಣೆಯನ್ನು ಟ್ಯಾಂಕಿನ ಮುಂದೆ ಹಾಕಿ ಕೂತಳು. ಶ್ರೀಮಂತ ಕಿತ್ತಿಟ್ಟ ಹಲಗೆ ಹೊರಗಿನ ಕಟ್ಟೆಯ ಮೇಲಿರಲಿಲ್ಲ. ನೀರಿನಾಚೆ ಕುಲ್ಸುಮ್ ಬೀ ಅದನ್ನು ಮೇಕೆಯ ಗೂಡಿನ ಬಾಗಿಲಿಗೆ ಅಳತೆ ಹಿಡಿಯುತ್ತಿದ್ದಳು. ಯಾರನ್ನೂ ಕೇಳಿದಂತಿರಲಿಲ್ಲ. ತಲೆ ಎತ್ತಿ ಈ ಕಡೆ ನೋಡಿದಳು, ಏನೋ ಅಂದಳು, ನಕ್ಕಳು. ನೋಡಿದ್ದು ಸೊಸೆಯನ್ನೋ ಮೀನನ್ನೋ ಭುವನೇಶ್ವರಿಗೆ ತಿಳಿಯಲಿಲ್ಲ. ಎರಡು ಮುಖವೂ ಗಾಜಿನಲ್ಲಿ ಅಕ್ಕಪಕ್ಕದಲ್ಲೇ ಇದ್ದವು.

ಚಹಾ ಮುಗಿಸಿ ಅವಳು ಓಣಿಗೆ ಹೋದಳು. ಕಟ್ಟೆಯ ಮೇಲೆ ಸುತ್ತಿಗೆಯೂ ಮೊಳೆಗಳೂ ಬಿದ್ದಿದ್ದವು. ಆಯ್ದುಕೊಂಡು ಒಳಗೆ ಬಂದು ಸಮುದ್ರದ ಉಪ್ಪಿನ ಚೀಲ ಬಿಚ್ಚಿದಳು. ಮೊಳಕೈವರೆಗೆ ಕೈ ತೂರಿಸಿ ಸುತ್ತಿಗೆಯನ್ನು ತಳಕ್ಕೆ ಇಳಿಸಿದಳು, ಮೊಳೆಗಳನ್ನು ಅದರ ಮೇಲೆ ಸುರಿದಳು. ಶ್ರೀಮಂತ ಒಂದನ್ನು ಹುಡುಕಲು ಹೊರಟರೆ ಇನ್ನೊಂದು ಸಿಗುತ್ತದೆ. ಸಿಕ್ಕದ್ದರಲ್ಲಿ ಹುಡುಕಿದ್ದನ್ನು ಮರೆಯುತ್ತಾನೆ. ಅಷ್ಟರಲ್ಲಿ ಉಪ್ಪು ತನ್ನ ಕೆಲಸ ಮಾಡುತ್ತದೆ. ಪಾಚಿ ಬಂದರೆ ಬರಲಿ, ದಿನಾ ಒರೆಸಲು ಅವಳಿಗೆ ಕೈಯಿದೆ.

ಚೀಲದ ಬಾಯಿ ಬಿಗಿಯಾಗಿ ಕಟ್ಟಿದಳು. ಮುಂದಿನ ಕೋಣೆಯಿಂದ ಸದ್ದು ಬಂತು. ಕಟಕ್.

ಚಿಪ್ಪಿನ ಡಬ್ಬಿ ಇನ್ನೂ ಅವಳ ಸೆರಗಿನೊಳಗೇ ಇತ್ತು, ಮುಚ್ಚಿದ್ದು ಮುಚ್ಚಿದ ಹಾಗೆಯೇ.

ಭುವನೇಶ್ವರಿ, "ಬಂದೆ" ಎಂದು ಮೆಲ್ಲಗೆ ಹೇಳಿ, ರಾತ್ರಿಯ ಅಡುಗೆಗಿಟ್ಟ ಬೇಳೆಗೆ ಉಪ್ಪು ನೋಡಲು ಒಲೆಯ ಕಡೆಗೆ ನಡೆದಳು.